ಅಪ್ಪನ 70ಕ್ಕೆ ಹಳೇ ಚಿನ್ನದ ವಾಚು, ಹರಾಜಲ್ಲಿ ತಗೋಬಹುದಾ?

ಕಾವೆಂಟ್ರಿ_ತುಮಕೂರು:

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಲ್ಲಿ ಕಾವೆಂಟ್ರಿ ಹತ್ರ ಇರೋದು, ಬಂದು ಆರು ವರ್ಷ ಆಯ್ತು. ನಮ್ಮಪ್ಪ ಹುಟ್ಟಿದ್ದು 1956ರ ನವೆಂಬರಲ್ಲಿ, 70 ಆಗುತ್ತೆ ಅಂತ ಮನೇಲಿ ಭೀಮರಥ ಶಾಂತಿ ಇಟ್ಕೊಂಡಿದೀವಿ, ಅದಕ್ಕೆ ತುಮಕೂರಿಗೆ ಬರ್ತಾ ಇದೀನಿ. ಅಪ್ಪ 33 ವರ್ಷ ಪೋಸ್ಟಾಫೀಸಲ್ಲಿ ಕೆಲಸ ಮಾಡಿದೋರು. ಮದುವೇಲಿ ತಾತ ಕೊಡ್ಸಿದ್ದ ಎಚ್‌ಎಂಟಿ ಸೋನಾ ಒಂದಿದೆ, ಇವತ್ತಿಗೂ ಬೆಳಿಗ್ಗೆ ಸ್ನಾನ ಆದ್ಮೇಲೆ ಅದಕ್ಕೆ ಕೀ ಕೊಟ್ಟು ಕಟ್ಕೊಂಡ್ರೇನೇ ಅವ್ರಿಗೆ ದಿನ ಶುರು. ಅದ್ರ ಚಿನ್ನದ ಬಣ್ಣ ಅಂಚಲ್ಲೆಲ್ಲ ಸವೆದು ಒಳಗಿನ ಲೋಹ ಕಾಣ್ತಾ ಇದೆ. ಬ್ಯಾಟರಿ ವಾಚು ಕೊಟ್ರೆ ಕಟ್ಟಲ್ಲ, ಒಂದ್ಸಲ ತಂದು ಕೊಟ್ಟಿದ್ದೆ, ಡಬ್ಬಿ ಸಮೇತ ಬೀರುವಿನಲ್ಲಿದೆ.

ಅದಕ್ಕೆ ಈ ಸಲ ಅವ್ರು ಹುಟ್ಟಿದ ವರ್ಷದ್ದೇ, ಕೀ ಕೊಡೋ ಅಂಥದ್ದೇ, ನಿಜವಾದ ಚಿನ್ನದ ವಾಚು ಕೊಡ್ಬೇಕು ಅಂತ ಆಸೆ. ಇಲ್ಲಿ ಪಕ್ಕದೂರಲ್ಲಿ ಒಂದು ಹರಾಜು ಮನೆ ಇದೆ, ಮುಂದಿನ ವಾರದ ಪಟ್ಟಿಲಿ ಒಂದು ಒಮೆಗಾ (ಸ್ವಿಸ್ ಕಂಪನಿ ವಾಚು) ಹಾಕಿದಾರೆ. 9 ಕ್ಯಾರೆಟ್ ಚಿನ್ನ, ಸುಮಾರು 1956, ಬಿಳಿ ಡಯಲ್, ಕೆಳಗೆ ಸೆಕೆಂಡಿಗೆ ಬೇರೆ ಚಿಕ್ಕ ಮುಳ್ಳು, ಕೇಸ್ (ವಾಚಿನ ಹೊರಕವಚ) ಡೆನ್ನಿಸನ್ ಅನ್ನೋರು ಮಾಡಿದ್ದು ಅಂತ ಬರೆದಿದಾರೆ. ಅಂದಾಜು ಬೆಲೆ 500ರಿಂದ 700 ಪೌಂಡ್. "ಈಗ ಓಡ್ತಾ ಇದೆ, ಗ್ಯಾರಂಟಿ ಇಲ್ಲ" ಅಂತಾನೂ ಹಾಕಿದಾರೆ. ನನ್ನ ಹತ್ರ ಎಲ್ಲಾ ಸೇರಿ 900 ಪೌಂಡ್ ಇದೆ, ಅದ್ರ ಮೇಲೆ ಆಗಲ್ಲ.

ನನ್ನ ತಲೆಲಿ ಇರೋ ಪ್ರಶ್ನೆ ಏನಂದ್ರೆ, 9 ಕ್ಯಾರೆಟ್ ಅಂದ್ರೆ ಚಿನ್ನಾನಾ ಅಂತ ಅಮ್ಮ ಕೇಳ್ತಿದಾರೆ, ನಮ್ಮಲ್ಲಿ 916 ಬಿಟ್ರೆ ಬೇರೆ ಮುಟ್ಟಲ್ಲ ಅಲ್ವಾ. ಅಸಲಿನಾ ನಕಲಿನಾ ನಾನು ಹೇಗೆ ನೋಡೋದು? ಒಮೆಗಾಗೆ ಇಂಗ್ಲೆಂಡಲ್ಲಿ ಯಾಕೆ ಕೇಸ್ ಮಾಡ್ಸಿದ್ರು ಅನ್ನೋದೂ ಅರ್ಥ ಆಗ್ಲಿಲ್ಲ. ಇನ್ನೊಂದು, ಹಿಂದಿನ ಮುಚ್ಚಳದ ಮೇಲೆ ಯಾರದೋ ಹೆಸರು, 25 ವರ್ಷದ ಸೇವೆಗೆ ಕೊಟ್ಟಿದ್ದು ಅಂತ ಕೆತ್ತಿದೆ. ಇನ್ನೊಬ್ಬರ ಹೆಸರಿರೋ ವಾಚನ್ನ ಅಪ್ಪಂಗೆ ಕೊಡೋದು ಸರಿನಾ, ಅದನ್ನ ಉಜ್ಜಿಸಿ ತೆಗೆಸ್ಬಹುದಾ? ಗೊತ್ತಿರೋರು ಹೇಳಿ ಪ್ಲೀಸ್, ನಾನು ಇದುವರೆಗೂ ಹರಾಜಲ್ಲಿ ಒಂದು ಕುರ್ಚಿನೂ ತಗೊಂಡಿಲ್ಲ.

ಹಳೇವಾಚು_ಲೆಸ್ಟರ್:

ನಿಮ್ಮ ಆಸೆ ತುಂಬಾ ಇಷ್ಟ ಆಯ್ತು, ಅದಕ್ಕೇ ಉದ್ದ ಬರೀತೀನಿ. ನಾನು ಹದಿನೈದು ವರ್ಷದಿಂದ ಇಲ್ಲಿ ಹಳೇ ವಾಚು ತಗೊಂಡು ನಾನೇ ಬಿಚ್ಚಿ ಕ್ಲೀನ್ ಮಾಡ್ತೀನಿ, ಹವ್ಯಾಸ.

ಮೊದಲು ಡೆನ್ನಿಸನ್ ವಿಷಯ. ಇಂಗ್ಲಿಷ್ ಕೇಸ್ ಅಂದ ತಕ್ಷಣ ನಕಲಿ ಅಂತ ತುಂಬಾ ಜನ ಹೆದರ್ತಾರೆ, ಹಾಗೇನಿಲ್ಲ. ಯುದ್ಧ ಆದ್ಮೇಲೆ ಬ್ರಿಟನ್‌ಗೆ ಚಿನ್ನದ ವಾಚು ಪೂರ್ತಿಯಾಗಿ ತರಿಸಿದ್ರೆ ತೆರಿಗೆ ಜಾಸ್ತಿ ಬೀಳ್ತಿತ್ತು, ಹಾಗಾಗಿ ಒಮೆಗಾ ತರದ ಕಂಪನಿಗಳು ಸ್ವಿಟ್ಜರ್ಲೆಂಡಿಂದ ಮೂವ್‌ಮೆಂಟ್ (ಒಳಗಿನ ಯಂತ್ರ) ಮಾತ್ರ ಕಳಿಸಿ ಕೇಸನ್ನ ಇಲ್ಲೇ ಬರ್ಮಿಂಗ್‌ಹ್ಯಾಮಲ್ಲಿ ಮಾಡಿಸೋರು. ಡೆನ್ನಿಸನ್ ಅಂದ್ರೆ ಏರನ್ ಲಫ್ಕಿನ್ ಡೆನ್ನಿಸನ್, ಅಮೆರಿಕದ ವಾಲ್ಥಮ್ ವಾಚು ಕಂಪನಿ ಕಟ್ಟಿದವರಲ್ಲಿ ಒಬ್ಬ, ಆಮೇಲೆ ಇಂಗ್ಲೆಂಡಿಗೆ ಬಂದು ಕೇಸ್ ಕಂಪನಿ ಮಾಡಿದ, ಅದು 1967ರಲ್ಲಿ ಮುಚ್ಚಿತು. ರೋಲೆಕ್ಸ್, ಲಾಂಜಿನ್, ಇಂಗ್ಲೆಂಡಿನದೇ ಆದ ಸ್ಮಿತ್ಸ್, ಈ ಎಲ್ಲಾ ವಾಚು ಕಂಪನಿಗಳಿಗೂ ಇವರು ಕೇಸ್ ಮಾಡಿದಾರೆ. ಒಳಗೆ ಎ ಎಲ್ ಡಿ ಅಂತ ಅವನ ಹೆಸರಿನ ಅಕ್ಷರದ ಗುರುತು ಇರುತ್ತೆ, ಜೊತೆಗೆ .375 ಅಂತ, ಹಡಗಿನ ಲಂಗರದ ಚಿತ್ರ, ಆಮೇಲೆ ಒಂದು ಅಕ್ಷರ. ಲಂಗರ ಅಂದ್ರೆ ಬರ್ಮಿಂಗ್‌ಹ್ಯಾಮ್ ಅಸ್ಸೇ ಆಫೀಸ್, ಚಿನ್ನ ಬೆಳ್ಳಿ ಪರೀಕ್ಷೆ ಮಾಡಿ ಮುದ್ರೆ ಒತ್ತೋ ಕಚೇರಿ, 1773ರಿಂದ ಇರೋದು. ಆ ಅಕ್ಷರನೇ ನಿಮಗೆ ಬೇಕಾಗಿರೋದು, ಅದು ಮುದ್ರೆ ಒತ್ತಿದ ವರ್ಷ.

ಇಲ್ಲಿ ಒಂದು ಎಚ್ಚರ. 1975ಕ್ಕೆ ಮುಂಚೆ ಬರ್ಮಿಂಗ್‌ಹ್ಯಾಮಲ್ಲಿ ಅಕ್ಷರ ಜನವರಿಗೆ ಬದಲಾಗ್ತಿರ್ಲಿಲ್ಲ, ವರ್ಷದ ಮಧ್ಯದಲ್ಲಿ ಬದಲಾಗ್ತಿತ್ತು. ನಿಮ್ಮಪ್ಪ ನವೆಂಬರ್ ಅಂದ್ರೆ 1956-57ರ ಅಕ್ಷರ ನೋಡ್ಬೇಕು. ಅಕ್ಷರದ ಆಕಾರ, ಅದ್ರ ಸುತ್ತ ಇರೋ ಚೌಕಟ್ಟು ಎರಡೂ ಯಾವ ವರ್ಷಕ್ಕೆ ಯಾವ ಅಕ್ಷರ ಅನ್ನೋ ಕೋಷ್ಟಕಕ್ಕೆ ಹೊಂದಬೇಕು, ಯಾಕಂದ್ರೆ ಒಂದು ಸುತ್ತು ಮುಗಿದ್ಮೇಲೆ ಅದೇ ಅಕ್ಷರ ಬೇರೆ ಆಕಾರದಲ್ಲಿ ಮತ್ತೆ ಬರುತ್ತೆ. ಹರಾಜಿನವರು "ಸುಮಾರು" ಅಂತ ಹಾಕಿದ್ರೆ ಅದನ್ನ ನಂಬ್ಕೊಂಡು ಹೋಗ್ಬೇಡಿ.

ಮೂವ್‌ಮೆಂಟ್ ಬಗ್ಗೆ: ಆ ಕಾಲದ ಕೀ ಕೊಡೋ ಒಮೆಗಾಗಳಲ್ಲಿ 30 ಮಿ.ಮೀ. ಮೂವ್‌ಮೆಂಟ್ ಇದ್ರೆ ಕಣ್ಮುಚ್ಚಿ ಖುಷಿ ಪಡಬಹುದು, 1939ರಲ್ಲಿ ಬಂದದ್ದು, 60ರ ದಶಕದ ಶುರುವಿನ ತನಕ ಮಾಡಿದ್ರು, ಬಿಡಿಭಾಗ ಇವತ್ತಿಗೂ ಸಿಗುತ್ತೆ. ತಾಮ್ರದ ಬಣ್ಣ ಇರುತ್ತೆ. ಮೇಲೆ ನಂಬರ್ ಕೊರೆದಿರ್ತಾರೆ, ಅದ್ರಿಂದ ಮೂವ್‌ಮೆಂಟಿನ ಕಾಲ ಗೊತ್ತಾಗುತ್ತೆ, ಅದು ಕೇಸಿನ ಅಕ್ಷರಕ್ಕೆ ಒಂದೆರಡು ವರ್ಷದ ಆಚೀಚೆ ಇದ್ರೆ ಸರಿ, ಹತ್ತು ವರ್ಷ ವ್ಯತ್ಯಾಸ ಇದ್ರೆ ಯಾರೋ ಜೋಡಿಸಿದ್ದು.

ಡಯಲ್ ಮೇಲೆ ನಿಮ್ಮ ಪೂರ್ತಿ ಗಮನ ಇರಲಿ. ಹಳೇ ಡಯಲ್‌ಗೆ ಸ್ವಲ್ಪ ಕಲೆ, ಕಂದು ಬಣ್ಣ ಇದ್ರೆ ಅದು ದೋಷ ಅಲ್ಲ. ಹೊಳಪು ಹೊಳಪಾಗಿ ಇದ್ರೆನೇ ಅನುಮಾನ. ಅಕ್ಷರ ದಪ್ಪ ತೆಳು ಆಗಿರೋದು, ನಿಮಿಷದ ಗೆರೆ ಅಂಕಿಗೆ ನೇರ ಇಲ್ದಿರೋದು, ಕೆಳಗೆ 6ರ ಹತ್ರ "ಸ್ವಿಸ್ ಮೇಡ್" ಕಾಣೆ ಆಗಿರೋದು, ಇವೆಲ್ಲ ಮತ್ತೆ ಬಣ್ಣ ಹೊಡೆದಿರೋ ಲಕ್ಷಣ. ನಮ್ಮ ದೇಶದಿಂದ ಹೋಗೋ ಹಳೇ ಫೇವರ್ ಲೂಬಾ ವಾಚುಗಳಿಗೆ ಗಿಳಿ ಹಸಿರು, ಕಿತ್ತಳೆ ಬಣ್ಣ ಹೊಡೆದು ಮಾರ್ತಾರಲ್ಲ, ಅದೇ ಕೆಲಸ ಇಲ್ಲೂ ನಾಜೂಕಾಗಿ ಮಾಡ್ತಾರೆ ಅಷ್ಟೇ. ದೊಡ್ಡೋರೇ ಮೋಸ ಹೋಗಿದಾರೆ, 2021ರಲ್ಲಿ ಜಿನೀವಾದಲ್ಲಿ ಒಂದು ಹಳೇ ಒಮೆಗಾ ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕ್‌ಗೆ ಹೋಯ್ತು, ಬೇರೆ ಬೇರೆ ವಾಚಿನ ಭಾಗ ಸೇರಿಸಿ ಕಟ್ಟಿದ್ದು ಅಂತ 2023ರಲ್ಲಿ ಹೊರಗೆ ಬಂತು. ಅದು ಸ್ಟೀಲ್ ವಾಚು, ನಿಮ್ಮದು ಆ ಮಟ್ಟದ್ದಲ್ಲ, ಆದ್ರೂ ಪಟ್ಟಿಲಿ ಬರೆದಿರೋದು ಸಾಕ್ಷಿ ಅಲ್ಲ ಅನ್ನೋದಕ್ಕೆ ಹೇಳಿದೆ.

ಈಗ ದುಡ್ಡು. ಹೊಸಬರು ಎಡವೋದೇ ಇಲ್ಲಿ. ಸುತ್ತಿಗೆ ಬಿದ್ದ ಬೆಲೆ (ಕೂಗು ನಿಂತ ಬೆಲೆ) ನೀವು ಕೊಡೋ ಬೆಲೆ ಅಲ್ಲ. ಕೊಳ್ಳೋರ ಕಮಿಷನ್ ಬೇರೆ, ಅದ್ರ ಮೇಲೆ ವ್ಯಾಟ್ ಬೇರೆ. 25% ಕಮಿಷನ್ ಇದೆ ಅಂತ ಇಟ್ಕೊಳ್ಳಿ, 600ಕ್ಕೆ ಸುತ್ತಿಗೆ ಬಿದ್ರೆ 150 ಕಮಿಷನ್, ಅದಕ್ಕೆ 20% ವ್ಯಾಟ್ 30, ಒಟ್ಟು 780. ಹೊರಗಿನ ವೆಬ್‌ಸೈಟ್ ಮೂಲಕ ಕೂಗಿದ್ರೆ ಅವರದ್ದೂ ಒಂದು ಶುಲ್ಕ ಸೇರುತ್ತೆ, 5% ಹತ್ರ ಇರುತ್ತೆ, ಅದಕ್ಕೂ ವ್ಯಾಟ್, ಆಗ 815 ದಾಟುತ್ತೆ. ಆಮೇಲೆ ಸರ್ವಿಸ್. 70 ವರ್ಷದ ವಾಚು "ಓಡ್ತಾ ಇದೆ" ಅಂದ್ರೆ ಎಣ್ಣೆ ಒಣಗಿ ಲೋಹಕ್ಕೆ ಲೋಹ ಉಜ್ಜಿಕೊಂಡು ಓಡ್ತಿರಬಹುದು, ಹಾಗೇ ಕಟ್ಕೊಂಡ್ರೆ ಚಕ್ರದ ತುದಿ ಸವೆಯುತ್ತೆ. ಸರ್ವಿಸ್‌ಗೆ 200 ಎತ್ತಿಡಿ. ಅಂದ್ರೆ ನಿಮ್ಮ 900ರಲ್ಲಿ 700 ಉಳೀತು, ಕಮಿಷನ್ ವ್ಯಾಟ್ ಸೇರಿ 30% ಆಗುತ್ತಲ್ಲ, ಅದಕ್ಕೆ ಅದನ್ನ 1.3ರಿಂದ ಭಾಗಿಸಿ, 538. ನಿಮ್ಮ ಕೊನೇ ಕೂಗು 530, ಅದನ್ನ ಚೀಟಿಲಿ ಬರ್ಕೊಂಡು ಜೇಬಲ್ಲಿ ಇಟ್ಕೊಳ್ಳಿ. ನಿಮ್ಮ ಹರಾಜು ಮನೆ ಕಮಿಷನ್ ಎಷ್ಟು ಅಂತ ಅವರ ಷರತ್ತುಗಳಲ್ಲಿ ಇರುತ್ತೆ, ಎಲ್ಲಾ ಕಡೆ ಒಂದೇ ಅಲ್ಲ.

ಹರಾಜಿನ ಹಿಂದಿನ ದಿನ ನೋಡೋಕೆ ಬಿಡ್ತಾರೆ, ಹೋಗಲೇಬೇಕು. ಹತ್ತು ಪಟ್ಟು ದೊಡ್ಡದಾಗಿ ಕಾಣೋ ಲೂಪ್ ಒಂದು ತಗೊಂಡು ಹೋಗಿ. ಹಿಂದಿನ ಮುಚ್ಚಳ ತೆಗೆದು ತೋರಿಸಿ ಅಂತ ಕೇಳಿ, ಸಂಕೋಚ ಬೇಡ, ಅದು ಅವರ ಕೆಲಸ. ನೀವೇ ತೆಗಿಯೋಕೆ ಹೋಗ್ಬೇಡಿ.

ಅಕ್ಕಸಾಲಿ_ಮಗಳು:

ನಮ್ಮಪ್ಪ ಉಡುಪೀಲಿ ಚಿನ್ನದ ಕೆಲಸ ಮಾಡ್ತಿದ್ರು, ಹಾಗಾಗಿ ಚಿನ್ನದ ಭಾಗ ನಾನು ಹೇಳ್ತೀನಿ.

9 ಕ್ಯಾರೆಟ್ ಅಂದ್ರೆ ನೂರರಲ್ಲಿ 37.5 ಪಾಲು ಚಿನ್ನ, ಉಳಿದದ್ದು ಬೆಳ್ಳಿ ತಾಮ್ರ ಇತ್ಯಾದಿ. ಇಂಗ್ಲೆಂಡಲ್ಲಿ ಅದು ಕಾನೂನಿನ ಪ್ರಕಾರ ಚಿನ್ನಾನೇ. ನಮ್ಮಲ್ಲೂ ಬಿಐಎಸ್‌ನವರು 2025ರ ಜುಲೈಯಿಂದ 9 ಕ್ಯಾರೆಟ್‌ಗೆ ಹಾಲ್‌ಮಾರ್ಕ್ ಕೊಡೋಕೆ ಶುರು ಮಾಡಿದಾರೆ ಅಂತ ನಿಮ್ಮಮ್ಮಂಗೆ ಹೇಳಿ. ಮತ್ತೆ ವಾಚಿಗೆ 22 ಕ್ಯಾರೆಟ್ ಮೆದು ಆಗುತ್ತೆ, ದಿನಾ ಕಟ್ಟೋ ವಸ್ತು ಬಾಗಿಲಿಗೆ ಗೋಡೆಗೆ ತಾಗುತ್ತೆ, ಗಟ್ಟಿ ಇರೋ 9 ಕ್ಯಾರೆಟ್ ತಡ್ಕೊಳ್ಳುತ್ತೆ. ಬಣ್ಣ ಮಾತ್ರ ನಮ್ಮ ಸರದ ಹಳದಿ ಅಲ್ಲ, ಪೇಲವ ಇರುತ್ತೆ, ಮನೆಯವರಿಗೆ ಮೊದಲೇ ಹೇಳಿಟ್ಟಿರಿ, ಇಲ್ಲಾಂದ್ರೆ ಗಿಲೀಟು ಅಂದ್ಕೊಳ್ತಾರೆ.

ತೂಕದ ವಿಷಯ. ಪಟ್ಟಿಲಿ ಹಾಕೋ ತೂಕ ಒಳಗಿನ ಮೂವ್‌ಮೆಂಟ್, ಗಾಜು, ಕೆಲವು ಸಲ ಬೆಲ್ಟು ಎಲ್ಲಾ ಸೇರಿ ಇರುತ್ತೆ. ಖಾಲಿ ಕೇಸ್ 10 ಗ್ರಾಂ ಬಂತು ಅಂತ ಇಟ್ಕೊಂಡ್ರೂ ಅಪ್ಪಟ ಚಿನ್ನ ಇರೋದು 3.75 ಗ್ರಾಂ. ಚಿನ್ನಕ್ಕೋಸ್ಕರ ಈ ವಾಚು ತಗೊಳ್ತೀನಿ ಅಂದ್ರೆ ಬೇಡ, ಒಂದು ನಾಣ್ಯ ತಗೊಳ್ಳಿ. ಚಿನ್ನದ ರೇಟು ಏರಿದಾಗೆಲ್ಲ ಇಂಥಾ ಒಳ್ಳೊಳ್ಳೆ ಕೇಸ್‌ಗಳನ್ನ ಬಿಚ್ಚಿ ಕರಗಿಸಿಬಿಡ್ತಾರೆ, ಮೂವ್‌ಮೆಂಟು ಡಯಲ್ಲು ಮಾತ್ರ ಪ್ಲಾಸ್ಟಿಕ್ ಕವರಲ್ಲಿ ಮಾರಾಟಕ್ಕೆ ಬರುತ್ತೆ. ಅದನ್ನ ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ. ಒಂದು ವಾಚನ್ನ ಕಟ್ಕೊಳ್ಳೋಕೆ ಅಂತ ಯಾರಾದ್ರೂ ತಗೊಂಡ್ರೆ ಅದು ಉಳೀತು.

ಹೆಸರು ಉಜ್ಜಿಸೋ ಯೋಚನೆ ಬಿಟ್ಬಿಡಿ. ಆ ಮುಚ್ಚಳ ತುಂಬಾ ತೆಳು. ಅಕ್ಷರ ಹೋಗೋ ಅಷ್ಟು ಉಜ್ಜಿದ್ರೆ ಮುಚ್ಚಳ ಇನ್ನೂ ತೆಳು ಆಗಿ ಒಂದಿನ ಬೆರಳು ಒತ್ತಿದ್ರೂ ತಗ್ಗು ಬೀಳುತ್ತೆ. ಪಾಲಿಶ್ ಕೂಡ ಅಷ್ಟೇ, ಪ್ರತಿ ಸಲ ಪಾಲಿಶ್ ಹೊಡೆದಾಗ ಸ್ವಲ್ಪ ಚಿನ್ನ ಹೋಗುತ್ತೆ, ಅಂಚು ಮೊಂಡಾಗುತ್ತೆ. ನೋಡೋಕೆ ಹೋದಾಗ ಬೆಲ್ಟು ಸಿಕ್ಕಿಸೋ ನಾಲ್ಕು ಕಾಲುಗಳನ್ನ ನೋಡಿ, ಹೊರಗೆ ಮುದ್ರೆ ಇದ್ರೆ ಅದು ಚೂಪಾಗಿ ಕಾಣ್ಬೇಕು. ಸೋಪಿನ ತುಂಡಿನ ತರ ನುಣ್ಣಗೆ ಆಗಿದ್ರೆ ಚೆನ್ನಾಗಿ ಉಜ್ಜಿದಾರೆ ಅಂತ ಲೆಕ್ಕ.

ಧಾರವಾಡ_ಮಂದಿ:

ನಮಸ್ಕಾರ್ರೀ. ನನಗ ಆಗಿದ್ದು ಹೇಳತೀನಿ, ನಿಮಗ ಉಪಯೋಗ ಆದೀತು. ನಾ ಮ್ಯಾಂಚೆಸ್ಟರ್‌ನ್ಯಾಗ ಇದ್ದಾಗ ಆನ್‌ಲೈನ್ ಸವಾಲ್‌ನ್ಯಾಗ (ಹರಾಜಿನ್ಯಾಗ) ಒಂದು ವಾಚ್ ಹಿಡದೆ. ಪಟ್ಟಿಯೊಳಗ "ಯೆಲ್ಲೋ ಮೆಟಲ್" ಅಂತ ಬರದಿದ್ರು, ನಾ ಅದನ್ನ ಬಂಗಾರ ಅಂತನ ತಿಳಕೊಂಡೆ. ಫೋಟೋ ಬಾಳ ಚಂದ ಇತ್ತು. ರಾತ್ರಿ ಊಟ ಬಿಟ್ಟು ಕುಂತು ಇನ್ನೊಬ್ಬವ ಏರಿಸಿದಂಗ ನಾನೂ ಏರಿಸ್ಕೋತ ಹೋದೆ, ಕಮಿಷನ್ ಎಲ್ಲಾ ಸೇರಿ 430 ಪೌಂಡ್ ಆತು. ಮನಿಗೆ ಬಂದ ಮ್ಯಾಲೆ ಹಿಂದ ನೋಡಿದ್ರ ಸಣ್ಣ ಅಕ್ಷರದಾಗ 20 ಮೈಕ್ರಾನ್ ಅಂತ ಐತ್ರಿ. ಅಂದ್ರ ಬಂಗಾರದ ನೀರು ಕುಡಿಸಿದ್ದು. ಕೇಳಿದ್ರ, ನಾವು ಬಂಗಾರ ಅಂತ ಎಲ್ಲೂ ಹೇಳಿಲ್ಲ ಅಂದ್ರು, ಖರೇ ಹೇಳಬೇಕಂದ್ರ ಅವರು ಹೇಳಿರಲಿಲ್ಲ.

ಆಮ್ಯಾಲೆ ತಿಳೀತು, ಅಲ್ಲಿ 1973ರ ಹಾಲ್‌ಮಾರ್ಕಿಂಗ್ ಕಾಯ್ದೆ ಪ್ರಕಾರ ಒಂದು ಗ್ರಾಂ ಮ್ಯಾಲಿನ ವಸ್ತುಕ್ಕ ಮುದ್ರಿ ಇಲ್ಲಂದ್ರ ಬಂಗಾರ ಅಂತ ಹೇಳಿ ಮಾರೂಹಂಗಿಲ್ಲ. ಹಿಂಗಾಗಿ ಯೆಲ್ಲೋ ಮೆಟಲ್ ಅಂದ್ರ ಒಮ್ಮೊಮ್ಮೆ ಮುದ್ರಿ ಇಲ್ಲದ ಖರೇ ಬಂಗಾರನೂ ಇರತದ, ಒಮ್ಮೊಮ್ಮೆ ಏನೂ ಇರಂಗಿಲ್ಲ. ಗೊತ್ತಿದ್ದವರಿಗೆ ಅದು ಲಾಭ, ನಮ್ಮಂಥವರು ಮುಟ್ಟಬಾರದು. "ಗೋಲ್ಡ್ ಫಿಲ್ಡ್", "ಪ್ಲಾಕೆ", "ರೋಲ್ಡ್ ಗೋಲ್ಡ್" ಇವೂ ಎಲ್ಲಾ ಮ್ಯಾಲಿನ ಪದರ ಅಷ್ಟ. ಸ್ವಿಸ್ 18 ಕ್ಯಾರೆಟ್ ಇದ್ರ ಒಬ್ಬಾಕಿ ಹೆಣ್ಣಮಗಳ ತಲಿ ಮುದ್ರಿ ಇರತದ, 14 ಕ್ಯಾರೆಟ್‌ಕ್ಕ ಅಳಿಲ. 1995ರ ನಂತರದವಕ್ಕ ನಾಯಿ ತಲಿ.

ಇನ್ನೊಂದ್ ಮಾತು. ಅಂಗಡಿ ಆನ್‌ಲೈನ್‌ನ್ಯಾಗ ತಗೊಂಡ್ರ 14 ದಿನದಾಗ ವಾಪಸ್ ಕೊಡೂ ಹಕ್ಕು ಅಲ್ಲಿ ಐತಲ್ಲ, ಮಂದಿ ಖುದ್ದು ಹೋಗಿ ಕೂಗೂ ಸಾರ್ವಜನಿಕ ಸವಾಲ್‌ಕ್ಕ ಅದು ಇಲ್ಲ. ನೋಡದ ಕೂಗಬ್ಯಾಡ್ರಿ.

ಮಲ್ಲೇಶ್ವರಂ_ಸುಬ್ಬಿ:

ನಾನು ಸ್ವಲ್ಪ ಬೇರೆ ತರ ಹೇಳ್ತೀನಿ, ಬೇಜಾರಾಗ್ಬೇಡಿ. ಶಾಂತಿ ಮಾಡಿಸೋ ದಿನ ತೀರಿಕೊಂಡ ಯಾರದೋ ವಸ್ತು ಅಪ್ಪನ ಕೈಗೆ ಕಟ್ಟೋದು ನಮ್ಮನೆಯಲ್ಲಾಗಿದ್ರೆ ಅಜ್ಜಿ ಖಂಡಿತ ಒಪ್ತಿರ್ಲಿಲ್ಲ. ನೀವು ದೂರದಲ್ಲಿ ಕೂತು ಸರ್ಪ್ರೈಸ್ ಅಂತ ತಂದು, ಅವರು ಮನಸ್ಸಲ್ಲೇ ನೊಂದ್ಕೊಂಡು ಬೀರುವಿಗೆ ಹಾಕಿದ್ರೆ ಅಷ್ಟೂ ದುಡ್ಡು ಆಸೆ ಎರಡೂ ಹೋಯ್ತು. ಅದರ ಬದಲು ಆ ಎಚ್‌ಎಂಟಿ ಸೋನಾನೇ ಚೆನ್ನಾಗಿ ಸರ್ವಿಸ್ ಮಾಡ್ಸಿ ಹೊಸ ಬೆಲ್ಟು ಹಾಕ್ಸಿ ಕೊಡಿ, 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಲ್ಲಿ ಶುರುವಾದ ಫ್ಯಾಕ್ಟರಿ ಅದು, ಈಗ ಮುಚ್ಚಿದ್ರೂ ಆ ವಾಚು ರಿಪೇರಿ ಮಾಡೋರು ಇನ್ನೂ ಇದಾರೆ. ಕೊನೇಪಕ್ಷ ಅಮ್ಮನ ಹತ್ರ ಹೆಸರಿನ ವಿಷಯ ಹೇಳಿ, ಅವರು ಏನಂತಾರೆ ಕೇಳಿ.

ಕಾವೆಂಟ್ರಿ_ತುಮಕೂರು:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಸುಬ್ಬಿ ಅವ್ರೆ, ಬೇಜಾರೇನಿಲ್ಲ, ಅದೇ ನನ್ನ ಮನಸ್ಸಲ್ಲೂ ಕೊರೀತಿತ್ತು. ಅಮ್ಮಂಗೆ ಫೋನ್ ಮಾಡಿ ಕೆತ್ತಿರೋದನ್ನ ಓದಿ ಕನ್ನಡದಲ್ಲಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ದು, "25 ವರ್ಷ ದುಡಿದಿದ್ದಕ್ಕೆ ಕೊಟ್ಟಿದ್ದು ತಾನೆ, ಕದ್ದಿದ್ದಲ್ವಲ್ಲ, ನಿಮ್ಮಪ್ಪಂಗೆ ರಿಟೈರ್ ಆದಾಗ ಶಾಲು ಹಾಕಿ ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದ್ರು, ತಗೊಂಡ್ ಬಾ" ಅಂದ್ರು. ಶಾಂತಿ ದಿನ ಬೇಡ, ಮಾರನೇ ದಿನ ಕೊಡು ಅಂತಾನೂ ಅಂದ್ರು. ಸೋನಾ ಸರ್ವಿಸ್‌ದೂ ಒಳ್ಳೇ ಮಾತು, ತಮ್ಮಂಗೆ ಹೇಳಿದೀನಿ.

ಶುಕ್ರವಾರ ನೋಡೋಕೆ ಹೋಗ್ತಿದೀನಿ, ಲೂಪ್ ತರಿಸ್ಕೊಂಡೆ.

ಕಾವೆಂಟ್ರಿ_ತುಮಕೂರು:

ಹರಾಜು ಮುಗೀತು, ಏನಾಯ್ತು ಅಂತ ಬರೀತೀನಿ, ನಾಳೆ ಇನ್ಯಾರಿಗಾದ್ರೂ ಬೇಕಾಗಬಹುದು.

ಒಮೆಗಾ ಫೋಟೋದಲ್ಲಿ ಕಂಡಂಗಿರ್ಲಿಲ್ಲ. ಕೇಳಿದ ತಕ್ಷಣ ಅಲ್ಲಿದ್ದ ಹೆಣ್ಣುಮಗಳು ತೆಳುವಾದ ಚಾಕುವಿನಂಥದ್ದು ತಗೊಂಡು ಮುಚ್ಚಳ ತೆಗೆದು ತೋರಿಸಿದ್ರು, ತುಂಬಾ ಒಳ್ಳೆಯವರು, ಹೊಸಬ ಅಂತ ಗೊತ್ತಾದ್ರೂ ತಾಳ್ಮೆಯಿಂದ ನಿಂತಿದ್ರು. ಮೂವ್‌ಮೆಂಟ್ ಚೆನ್ನಾಗಿತ್ತು, ತಾಮ್ರದ ಬಣ್ಣ, ಎಲ್ಲೂ ತುಕ್ಕಿಲ್ಲ. ಆದ್ರೆ ಅಕ್ಷರ ಕೋಷ್ಟಕಕ್ಕೆ ಹೋಲಿಸಿದ್ರೆ 1958-59 ಬಂತು, 56 ಅಲ್ಲ. ಡಯಲ್‌ನಲ್ಲಿ "ಸ್ವಿಸ್ ಮೇಡ್" ಇಲ್ಲ, ಮೇಲೆ ಅಂಟಿಸಿರೋ ಚಿನ್ನದ ಗುರುತುಗಳಿಗೂ ಕೆಳಗಿನ ನಿಮಿಷದ ಗೆರೆಗೂ ಎರಡು ಕಡೆ ಹೊಂದಾಣಿಕೆನೇ ಇಲ್ಲ. ಕಾಲುಗಳು ಅಕ್ಕ ಹೇಳಿದಂಗೆ ಸೋಪಿನ ತುಂಡು. ನೀವು ಹೇಳ್ದೇ ಇದ್ದಿದ್ರೆ ನಾನು ಆ ಹೊಳೆಯೋ ಡಯಲ್ ನೋಡೇ 700ಕ್ಕೆ ಕೂಗಿರ್ತಿದ್ದೆ.

ಬೇಜಾರಲ್ಲಿ ಗಾಜಿನ ಪೆಟ್ಟಿಗೆ ಸುತ್ತ ನೋಡ್ತಿರುವಾಗ ಮೂಲೇಲಿ ಒಂದು ಸ್ಮಿತ್ಸ್ ಡಿ ಲಕ್ಸ್ ಇತ್ತು, ಅಂದಾಜು 200ರಿಂದ 300. ಇದೂ 9 ಕ್ಯಾರೆಟ್, ಇದೂ ಡೆನ್ನಿಸನ್ ಕೇಸ್. ತೆಗೆಸಿ ನೋಡಿದೆ, ಅಕ್ಷರ ಸರಿಯಾಗಿ 1956-57! ನಾನು ಮೂರು ಸಲ ನೋಡಿದೆ, ಆ ಹೆಣ್ಣುಮಗಳಿಗೂ ಲೂಪ್ ಕೊಟ್ಟು ನೋಡಿ ಅಂದೆ. ಡಯಲ್ ಕೆನೆ ಬಣ್ಣಕ್ಕೆ ತಿರುಗಿದೆ, 4ರ ಹತ್ರ ಒಂದು ಕಲೆ ಇದೆ, ಯಾರೂ ಮುಟ್ಟಿಲ್ಲ. ಹಿಂದೆ ಇದ್ರಲ್ಲೂ ಹೆಸರಿದೆ, ಇದೂ 25 ವರ್ಷದ ಸೇವೆಗೇ ಕೊಟ್ಟಿದ್ದು, 1957 ಅಂತ ಇಸವಿ ಸಮೇತ.

ಶನಿವಾರ ಖುದ್ದಾಗಿ ಹೋಗಿ ಕೂತೆ. ಒಮೆಗಾ 620ಕ್ಕೆ ಹೋಯ್ತು, ನಾನು ಕೈ ಎತ್ಲಿಲ್ಲ. ಸ್ಮಿತ್ಸ್ ಬಂದಾಗ ಎದೆ ಹೊಡ್ಕೊಳ್ತಿತ್ತು, ಚೀಟಿಲಿ 320 ಬರ್ಕೊಂಡಿದ್ದೆ, ಆನ್‌ಲೈನಲ್ಲಿ ಯಾರೋ ಒಬ್ರು 250ರ ತನಕ ಬಂದು ಬಿಟ್ರು, 260ಕ್ಕೆ ನನಗಾಯ್ತು. ಕಮಿಷನ್ ವ್ಯಾಟ್ ಸೇರಿ 338 ಪೌಂಡ್. ಲೆಸ್ಟರ್ ಅಣ್ಣ, ಸ್ಮಿತ್ಸ್ ಬಗ್ಗೆ ನಿಮ್ಮ ಅಭಿಪ್ರಾಯ ಹೇಳಿ, ಅವಸರದಲ್ಲಿ ತಪ್ಪು ಮಾಡಿಲ್ಲ ತಾನೆ? ಊರಿಗೆ ತಗೊಂಡು ಹೋಗುವಾಗ ಏನಾದ್ರೂ ತೊಂದರೆ ಇದೆಯಾ?

ಹಳೇವಾಚು_ಲೆಸ್ಟರ್:

ತಪ್ಪಾ? ನಾನಾಗಿದ್ರೂ ಅದನ್ನೇ ತಗೊಳ್ತಿದ್ದೆ. ಸ್ಮಿತ್ಸ್ ಮೂವ್‌ಮೆಂಟ್ ಸ್ವಿಟ್ಜರ್ಲೆಂಡಿಂದ ತರಿಸಿದ್ದಲ್ಲ, ಈ ಡಿ ಲಕ್ಸ್‌ಗಳದ್ದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಫ್ಯಾಕ್ಟರೀಲೇ ಮಾಡಿದ್ದು, ಆ ಕೆಲಸ 70ರ ದಶಕದ ಶುರುವಿಗೆ ನಿಂತೇ ಹೋಯ್ತು. 1953ರ ಎವರೆಸ್ಟ್ ತಂಡದ ಜೊತೆ ಹೋಗಿದ್ದ ವಾಚುಗಳಲ್ಲಿ ಸ್ಮಿತ್ಸ್ ಡಿ ಲಕ್ಸ್ ಕೂಡ ಇತ್ತು. ರೈಲ್ವೆ, ಕಾರ್ಖಾನೆ, ಬ್ಯಾಂಕು ಎಲ್ಲಾ ಕಡೆ ಸೇವೆ ಮುಗಿಸಿದವರಿಗೆ ಇದನ್ನ ಕೊಡೋರು, ತುಂಬಾ ಜನ ಭಾನುವಾರ ಮಾತ್ರ ಕಟ್ಕೊಂಡು ಡ್ರಾಯರಲ್ಲಿ ಜೋಪಾನ ಮಾಡಿಟ್ಟಿರ್ತಾರೆ, ಅದಕ್ಕೇ ಕೇಸು ಇಷ್ಟು ಚೆನ್ನಾಗಿ ಉಳಿದಿರೋದು. ಹೆಸರಿರೋದ್ರಿಂದ ಬೆಲೆ ಕಮ್ಮಿ ಆಯ್ತು, ಅದು ನಿಮಗೇ ಒಳ್ಳೇದಾಯ್ತು.

ಹೊರಡೋಕೆ ಮುಂಚೆ ಸರ್ವಿಸ್ ಆಗ್ಲೇಬೇಕು, ಇವತ್ತೇ ಕೊಡಿ, ಒಳ್ಳೆ ಕೆಲಸಗಾರರ ಹತ್ರ ಸರದಿ ಇರುತ್ತೆ. ಕೇಸಿಗೆ ಪಾಲಿಶ್ ಬೇಡ, ಡಯಲ್ ಮುಟ್ಟಬೇಡಿ ಅಂತ ರಸೀದಿ ಮೇಲೇ ಬರೆಸಿ. ಬೆಲ್ಟು ಮಾತ್ರ ಹೊಸದು ಹಾಕ್ಸಿ, ಕೊಳ್ಳೋ ಮುಂಚೆ ಕಾಲುಗಳ ಮಧ್ಯದ ಅಗಲ ಅಳೆಯಿರಿ. ನಿಮ್ಮಪ್ಪಂಗೆ ಕೀ ಕೊಡೋದು ಹೇಳಿಕೊಡೋ ಅಗತ್ಯ ಇಲ್ಲ, ಒಂದು ಮಾತು ಮಾತ್ರ ಹೇಳಿ, ಇದು ಒತ್ತಿ ಮುಚ್ಚೋ ಮುಚ್ಚಳ, ನೀರು ತಡೆಯಲ್ಲ, ಕೈ ತೊಳೆಯೋವಾಗ ಬಿಚ್ಚಿಡ್ಲಿ, ಮಳೇಲಿ ಬೇಡ. ಹರಾಜಿನ ಬಿಲ್ಲು, ಸರ್ವಿಸ್ ರಸೀದಿ ಎರಡೂ ಕೈಚೀಲದಲ್ಲಿ ಇರಲಿ, ಕಸ್ಟಮ್ಸ್ ನಿಯಮ ಆಗಾಗ ಬದಲಾಗುತ್ತೆ, ಟಿಕೆಟ್ ತಗೊಂಡ್ಮೇಲೆ ಅವರ ವೆಬ್‌ಸೈಟಲ್ಲಿ ನೋಡ್ಕೊಳ್ಳಿ.

ಕಾವೆಂಟ್ರಿ_ತುಮಕೂರು:

ಕೊಟ್ಟು ಬಂದೆ ಅಣ್ಣ, 160 ಪೌಂಡ್ ಅಂದ್ರು, ಐದು ವಾರ ಆಗುತ್ತಂತೆ, ನಾನು ಹೊರಡೋಕೆ ಇನ್ನೂ ಏಳು ವಾರ ಇದೆ. ಪಾಲಿಶ್ ಬೇಡ ಅಂತ ಎರಡು ಸಲ ಬರೆಸಿದೀನಿ. ಬೆಲ್ಟು ಕಂದು ಬಣ್ಣದ್ದು, ಅಪ್ಪಂದು ಈಗ ಅದೇ ಬಣ್ಣ. ಅವರ ಕೈಗೆ ಕಟ್ಟಿದ ದಿನ ಇಲ್ಲಿ ಬಂದು ಹೇಳ್ತೀನಿ.